ನೀರೊಲೆ ಮತ್ತು ಮನೆ: ಕೊಯಮತ್ತೂರು–ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಮಾತಿನ ಕುಟುಂಬಗಳಲ್ಲಿ ಬಿಸಿನೀರು, ಸುರಕ್ಷತೆ, ಹೊರನೋಟ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬಯಲಿನಲ್ಲಿ ಮನೆಯನ್ನು ಬೆಚ್ಚಗಿಡುವ ಪ್ರಶ್ನೆಯೇ ಏಳುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 411 ಮೀಟರ್ ಎತ್ತರದಲ್ಲಿರುವ ಕೊಯಮತ್ತೂರಿನಲ್ಲಿ ಜನವರಿಯ ನಸುಕಿಗೂ ಹೊದಿಕೆಯೊಂದಿದ್ದರೆ ಸಾಕು. ಆನೆಮಲೆಯ ಮೇಲಿನ ವಾಲ್ಪಾರೈ ಮಾತ್ರ ಇದಕ್ಕೆ ಹೊರತು. ಅಲ್ಲಿನ ಚಹಾ ತೋಟಗಳ ಲೈನ್ ಮನೆಗಳಲ್ಲಿ ಮಳೆಗಾಲದುದ್ದಕ್ಕೂ ಅಡುಗೆಯ ಒಲೆಯೇ ಮೈ ಕಾಯಿಸುವ ಬೆಂಕಿಯೂ ಆಗಿರುತ್ತದೆ. ಬಯಲಿನ ಮನೆಗಳಲ್ಲಿ ಚಳಿಗೆಂದು ಯಾರೂ ಬೆಂಕಿ ಹಾಕುವುದಿಲ್ಲ, ಸ್ನಾನದ ನೀರಿಗೆ ಮಾತ್ರ ದಿನವೂ ಹಾಕುತ್ತಾರೆ. ಹೊಗೆ, ಸುಟ್ಟಗಾಯ, ಕರೆಂಟು ಹೊಡೆಯುವ ಭಯ, ಮಸಿ ಹಿಡಿದ ಹಿತ್ತಲ ಗೋಡೆ ಇವೆಲ್ಲವೂ ಆ ಒಂದು ಕೆಲಸಕ್ಕೆ ಅಂಟಿಕೊಂಡಿವೆ. ಹಾಗಿದ್ದೂ ಮನೆ ಸುಧಾರಣೆಯ ಯೋಜನೆಗಳು ಸ್ನಾನದ ನೀರನ್ನು ಪ್ರತ್ಯೇಕ ವಿಷಯವಾಗಿ ಎಣಿಸಿದ್ದು ಕಡಿಮೆ. ಈ ಎರಡು ಜಿಲ್ಲೆಗಳ ಕನ್ನಡ ಮನೆಮಾತಿನ ಕುಟುಂಬಗಳನ್ನು, ಮುಖ್ಯವಾಗಿ ನೇಕಾರರ ಮನೆಗಳನ್ನು ಮುಂದಿಟ್ಟುಕೊಂಡು ಆ ಕೊರತೆ ಏನೆಂದು ತೋರಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ಕನ್ನಡ ಹೊಸದಾಗಿ ಬಂದ ಮಾತಲ್ಲ. ಮೈಸೂರಿನ ಆಳ್ವಿಕೆ 1799ರವರೆಗೆ ಇಲ್ಲಿ ನಡೆಯಿತು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಕನ್ನಡವಾಡುವ ದೇವಾಂಗ ನೇಕಾರರು, ಒಕ್ಕಲಿಗ ಗೌಡರು, ಉಡುಮಲೈ ಕಡೆಯ ಅನುಪ್ಪರು ತಲೆಮಾರುಗಳಿಂದ ಇಲ್ಲಿಯವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಅನುಪ್ಪರನ್ನು ಮಧುರೆ, ತಿರುನೆಲ್ವೇಲಿ, ಕೊಯಮತ್ತೂರುಗಳ ಕನ್ನಡ ಬೇಸಾಯಗಾರರೆಂದು ಗುರುತಿಸಲಾಗಿದೆ. ಹೆಚ್ಚಿನವರ ಓದುಬರಹ ತಮಿಳಿನಲ್ಲಿ. ಕನ್ನಡ ಉಳಿದಿರುವುದು ಮನೆಯೊಳಗೆ, ಮಗ್ಗದ ಪಕ್ಕದಲ್ಲಿ, ಬಚ್ಚಲ ಮುಂದೆ.

ಕುಣಿಮಗ್ಗವಿರುವ ಮನೆಯ ಒಳಗೆ ಹೋಗಿ ನೋಡಬೇಕು. ನೇಕಾರ ನೆಲಮಟ್ಟದಲ್ಲಿ ಕುಳಿತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಮೆಟ್ಟುಹಲಗೆ ತುಳಿಯುತ್ತಾನೆ. ಹಾಸಿನ ಎಳೆಗಳು ನೆಲದ ತಂಪಿಗೆ ಹತ್ತಿರವಾಗಿ ಚಾಚಿರುತ್ತವೆ. ಹತ್ತಿ ನೂಲಿಗೆ ಗಾಳಿಯ ತೇವ ಬೇಕು. ಗಾಳಿ ಒಣಗಿದರೆ ಎಳೆ ಪಟಪಟನೆ ತುಂಡಾಗುತ್ತದೆ, ಕಟ್ಟುತ್ತ ಕೂತರೆ ದಿನದ ಕೂಲಿ ಹೋಯಿತು. ಹೀಗಾಗಿ ಈ ಮನೆಯ ನಡುಭಾಗ ತಂಪಾಗಿ, ಮಂದ ಬೆಳಕಿನಲ್ಲಿ, ಹೊಗೆ ಮುಟ್ಟದಂತೆ ಇರಲೇಬೇಕು. ಹತ್ತಿಯ ಜೊತೆ ನೇಯುವ ಕೋರಾ ರೇಷ್ಮೆಯ ಮೇಲೆ ಒಂದು ಚೂರು ಮಸಿ ಬಿದ್ದರೂ ಸೀರೆಗೆ ಬೆಲೆಯಿಲ್ಲ. ಬೆಂಕಿಯ ಕೆಲಸವೆಲ್ಲ ಹಿತ್ತಲಿಗೆ ಸರಿದದ್ದು ಈ ಕಾರಣಕ್ಕೆ. ಬೀದಿಯ ಕಡೆ ಜಗಲಿ, ನಡುವೆ ಮಗ್ಗ, ಹಿಂದೆ ಅಡುಗೆ, ಅದರಾಚೆ ಬಚ್ಚಲು ಮತ್ತು ನೀರೊಲೆ. ಆ ಒಲೆಯ ಕೆಲಸ ಸ್ನಾನಕ್ಕೇ ಮುಗಿಯುತ್ತಿರಲಿಲ್ಲ. ನೂಲಿನ ಲಡಿ ಬೇಯಿಸುವುದಕ್ಕೆ, ಹಾಸಿನ ಎಳೆಗಳಿಗೆ ಹಾಕುವ ಗಂಜಿ ಕುದಿಸುವುದಕ್ಕೆ, ಬಣ್ಣದ ನೀರು ಕಾಯಿಸುವುದಕ್ಕೆ ಅದೇ ಬೇಕಿತ್ತು. ಮನೆಯ ಬಿಸಿನೀರಿನ ಲೆಕ್ಕ ಹಾಕುವವರು ಈ ಉದ್ಯೋಗದ ನೀರನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಒಲೆಯಲ್ಲಿ ಎರಡು ಬಗೆ. ಒಂದು, ಮಣ್ಣಿನಲ್ಲೋ ಇಟ್ಟಿಗೆಯಲ್ಲೋ ಹೂತು ಕೂರಿಸಿದ ತಾಮ್ರದ ಹಂಡೆ. ಹಳೆಯ ಮೈಸೂರಿನ ಕಡೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಸುಣ್ಣ-ಕೆಮ್ಮಣ್ಣು ಬಳಿದು ಹಾಗಲಬಳ್ಳಿ ಸುತ್ತುವುದು ಇಂಥದೇ ಹಂಡೆಗೆ. ಇನ್ನೊಂದು, ನಡುವೆ ಕೊಳವೆಯಿರುವ ತಾಮ್ರದ ಬಾಯ್ಲರು. ಕೊಳವೆಯೊಳಗೆ ಕರಟವೋ ಇದ್ದಿಲೋ ಉರಿಯುತ್ತದೆ, ಸುತ್ತಲಿನ ನೀರು ಕಾಯುತ್ತದೆ, ನಲ್ಲಿ ತಿರುಗಿಸಿದರೆ ಬಿಸಿನೀರು. ಉರುವಲು ಊರಿನಿಂದ ಊರಿಗೆ ಬೇರೆ. ಪೊಳ್ಳಾಚಿಯ ತೆಂಗಿನ ಸೀಮೆಯಲ್ಲಿ ಮಟ್ಟೆ, ಸೋಗೆ, ಕರಟ. ಪಲ್ಲಡಂ, ಧಾರಾಪುರಂ ಕಡೆಯ ಒಣಭೂಮಿಯಲ್ಲಿ ಬಳ್ಳಾರಿ ಜಾಲಿ, ಹತ್ತಿಕಡ್ಡಿ. ಇದು ಬಹುಮಟ್ಟಿಗೆ ಕಾಸು ಕೊಡದೆ ಸಿಗುವ ಉರುವಲು. ನೀರೊಲೆ ಇಂದಿಗೂ ಆರದಿರಲು ಇದು ಮೊದಲ ಕಾರಣ.

ಎರಡನೆಯ ಕಾರಣ ಸರ್ಕಾರಿ ಕಡತದಲ್ಲಿದೆ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರ ಸುಮಾರಿಗೆ ಆರಂಭವಾದಾಗ ಅದರ ಕಣ್ಣೆಲ್ಲ ಅಡುಗೆಯ ಮೇಲಿತ್ತು. ತಮಿಳುನಾಡು ಸರ್ಕಾರ 2007ರಲ್ಲಿ ಬಡವರಿಗೆ ಉಚಿತ ಗ್ಯಾಸ್ ಒಲೆ ಕೊಟ್ಟದ್ದೂ, 2016ರ ಉಜ್ವಲಾ ಯೋಜನೆಯೂ ಅಡುಗೆಗಾಗಿ. ಮುಖ್ಯಮಂತ್ರಿಗಳ ಸೌರಶಕ್ತಿ ಹಸಿರು ಮನೆ ಯೋಜನೆ 2011–12ರಲ್ಲಿ ಮುನ್ನೂರು ಚದರಡಿಯ ಮನೆಗಳ ಸೂರಿಗೆ ಸೂರ್ಯಶಕ್ತಿ ತಂದಿತು, ಆದರೆ ದೀಪಕ್ಕೆ ಮಾತ್ರ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಅಡುಗೆಗೆ ಯಾವ ಇಂಧನ, ಸ್ನಾನಕ್ಕೆ ಸ್ಥಳವಿದೆಯೇ ಎಂಬ ಪ್ರಶ್ನೆಗಳಿದ್ದವು; ಸ್ನಾನದ ನೀರು ಯಾವುದರಿಂದ ಕಾಯುತ್ತದೆ ಎಂಬ ಪ್ರಶ್ನೆ ಇರಲಿಲ್ಲ. ಅಡುಗೆಗೆ ಸಿಲಿಂಡರ್ ಬಂದ ಮನೆ ಹೊಗೆಯಿಲ್ಲದ ಮನೆಯೆಂದು ಲೆಕ್ಕಕ್ಕೆ ಸೇರುತ್ತದೆ, ಹಿತ್ತಲಲ್ಲಿ ಹೊಗೆ ಏಳುತ್ತಲೇ ಇರುತ್ತದೆ. ಇದನ್ನು ಮೊದಲೇ ಕಂಡವರು ಇಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ರೆಡ್ಡಿ ಕಟ್ಟಿದ ಅಸ್ತ್ರ ಕೇಂದ್ರ ತುಮಕೂರು ಸೀಮೆಯ ಹಳ್ಳಿಗಳ ಇಂಧನ ಅಧ್ಯಯನದಲ್ಲಿ ನೀರು ಕಾಯಿಸುವ ಸೌದೆಯನ್ನು ಅಡುಗೆಯ ಸೌದೆಯಿಂದ ಬೇರೆಯಾಗಿಯೇ ನೋಡಿತು. ಅಡುಗೆಯ ಅಸ್ತ್ರ ಒಲೆಯ ಜೊತೆಗೆ ಸ್ನಾನದ ನೀರಿನ ಒಲೆಯನ್ನೂ ರೂಪಿಸಿತು. ಆ ತಿಳಿವಳಿಕೆ ಕರ್ನಾಟಕದ ಗಡಿ ದಾಟಿ ಯೋಜನೆಯ ರೂಪ ಪಡೆಯಲಿಲ್ಲ ಎಂಬುದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಮೂರನೆಯ ಕಾರಣ ಕರೆಂಟಿನ ಬಿಲ್ಲು. ಒಬ್ಬರ ಸ್ನಾನಕ್ಕೆ ಇಪ್ಪತ್ತು ಲೀಟರ್, ನೀರು ಇಪ್ಪತ್ತು ಡಿಗ್ರಿ ಕಾಯಬೇಕು ಎಂದಿಟ್ಟುಕೊಳ್ಳೋಣ. ಅದಕ್ಕೆ ಬೇಕಾಗುವ ಶಾಖ ಸುಮಾರು 1,675 ಕಿಲೋಜೂಲ್, ಅಂದರೆ 0.47 ಯೂನಿಟ್ ವಿದ್ಯುತ್. ನಾಲ್ವರ ಮನೆಗೆ ಅರವತ್ತು ದಿನಕ್ಕೆ 112 ಯೂನಿಟ್. ತಮಿಳುನಾಡಿನಲ್ಲಿ 2016ರಿಂದ ಪ್ರತಿ ಮನೆಗೂ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ. ಸ್ನಾನದ ನೀರೊಂದೇ ಆ ಉಚಿತ ಪಾಲನ್ನು ನುಂಗಿ ಮೇಲೆ ಹನ್ನೆರಡು ಯೂನಿಟ್ ಬೇಡುತ್ತದೆ. ದೀಪ, ಫ್ಯಾನು, ಮಿಕ್ಸಿ, ಗ್ರೈಂಡರ್ ಎಲ್ಲವೂ ದುಡ್ಡಿನ ಲೆಕ್ಕಕ್ಕೆ ಬೀಳುತ್ತವೆ. ಬಳಕೆ 500 ಯೂನಿಟ್ ದಾಟಿದರೆ ದರದ ಮೆಟ್ಟಿಲೇ ಬೇರೆ. ಮನೆಯೊಡತಿ ಈ ಲೆಕ್ಕವನ್ನು ಕಾಗದದಲ್ಲಿ ಮಾಡಿರಲಿಕ್ಕಿಲ್ಲ, ಆದರೆ ಒಲೆಯನ್ನು ಬಿಡದೆ ಉಳಿಸಿಕೊಂಡಿರುವುದು ಈ ಲೆಕ್ಕದ ಮೇಲೆಯೇ. ಕೈಮಗ್ಗ ನೇಕಾರರಿಗೆ ಉಚಿತ ವಿದ್ಯುತ್ 2023ರಲ್ಲಿ ಎರಡು ತಿಂಗಳಿಗೆ 200ರಿಂದ 300 ಯೂನಿಟ್ಟಿಗೆ ಏರಿತು. ಹಾಗಾಗಿ ಒಂದೇ ಬೀದಿಯಲ್ಲಿ ಮಗ್ಗ ಉಳಿಸಿಕೊಂಡ ಮನೆಗೂ ಮಗ್ಗ ಬಿಟ್ಟು ಗಿರಣಿಗೋ ಬನಿಯನ್ ಕಂಪನಿಗೋ ಹೋಗುವವರ ಮನೆಗೂ ಬಿಸಿನೀರಿನ ಬೆಲೆ ಬೇರೆ.

ಸೌದೆಯ ಕಡೆಯ ಲೆಕ್ಕವನ್ನೂ ನೋಡಬೇಕು. ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 16 ಮೆಗಾಜೂಲ್ ಶಾಖವಿದೆ. ತೆರೆದ ಒಲೆ ಅದರಲ್ಲಿ ನೂರಕ್ಕೆ ಹನ್ನೆರಡು ಪಾಲನ್ನಷ್ಟೇ ನೀರಿಗೆ ಕೊಟ್ಟರೆ ಅದೇ ನಾಲ್ವರಿಗೆ ದಿನಕ್ಕೆ ಮೂರೂವರೆ ಕಿಲೋ, ಎರಡು ತಿಂಗಳಿಗೆ ಇನ್ನೂರು ಕಿಲೋಗೂ ಮಿಕ್ಕಿ ಸೌದೆ ಬೇಕು. ಹಂಡೆಯ ಸುತ್ತ ಉರಿ ಬಳಸಿ ಹೋಗುವಂತೆ ಸಂದು ಬಿಟ್ಟು, ಬಾಯಿ ಕಿರಿದಾಗಿಸಿ, ಹೊಗೆಕೊಳವೆ ಕೂರಿಸಿ ನೂರಕ್ಕೆ ಇಪ್ಪತ್ತೈದು ಪಾಲು ನೀರಿಗೆ ಸೇರುವಂತೆ ಮಾಡಿದರೆ ಸೌದೆ ಅರ್ಧಕ್ಕಿಳಿಯುತ್ತದೆ. ಇದಕ್ಕೆ ಊರ ಗಾರೆಯವನ ಕೈಚಳಕ ಸಾಕು.

ಒಲೆ ಬಿಟ್ಟವರು ಹೆಚ್ಚಾಗಿ ಹಿಡಿದದ್ದು ಬಕೆಟ್ಟಿಗೆ ಇಳಿಬಿಡುವ ವಾಟರ್ ಹೀಟರ್ ಕಡ್ಡಿಯನ್ನು. ಅಗ್ಗ, ಬೇಗ ಕಾಯಿಸುತ್ತದೆ. ಅಪಾಯ ಇರುವುದು ಒದ್ದೆ ನೆಲ, ಬರಿಗಾಲು, ಸ್ವಿಚ್ ಆರಿಸದೆ ನೀರಿಗೆ ಬೆರಳಿಟ್ಟು ನೋಡುವ ಅಭ್ಯಾಸ ಮೂರೂ ಒಂದೆಡೆ ಸೇರಿದಾಗ. ಹಳೆಯ ಮನೆಗಳಲ್ಲಿ ಅರ್ತಿಂಗ್ ತಂತಿ ಹೆಸರಿಗಷ್ಟೇ ಇರುವುದುಂಟು. ಬಚ್ಚಲಿಗೆ ಪ್ರತ್ಯೇಕ ತಂತಿಯಿಲ್ಲದೆ ಅಡುಗೆಮನೆಯ ಪ್ಲಗ್ಗಿನಿಂದ ಉದ್ದದ ವಯರು ಎಳೆದಿರುವುದೂ ಉಂಟು. ಮನೆಗೆ ಎಂಸಿಬಿ ಹಾಕಿಸಿದೆವು ಎಂದು ನೆಮ್ಮದಿಯಿಂದಿರುವವರು ಒಂದನ್ನು ತಿಳಿಯಬೇಕು: ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮೈಮೂಲಕ ಭೂಮಿಗೆ ಹರಿಯುವ ಸಣ್ಣ ಸೋರಿಕೆಯನ್ನು ಗುರುತಿಸಿ ಕ್ಷಣಾರ್ಧದಲ್ಲಿ ಕರೆಂಟು ಕಡಿಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಬಿಸಿನೀರಿಗೆ ವಿದ್ಯುತ್ ಬಳಸುವ ಮನೆಯಲ್ಲಿ ಹೀಟರಿಗಿಂತ ಮೊದಲು ಇದಕ್ಕೂ ಅರ್ತಿಂಗಿಗೂ ಹಣ ಹಾಕಬೇಕು. ಗ್ಯಾಸ್ ಗೀಸರಿನ ಅಪಾಯ ಇನ್ನೂ ಮೋಸದ್ದು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಗಾಳಿ ಸಾಲದೆ ಅನಿಲ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ನಿಂತವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಗೀಸರನ್ನು ಬಚ್ಚಲ ಹೊರಗೋಡೆಗೆ ಹಾಕಿ ಕೊಳವೆಯನ್ನು ಒಳಕ್ಕೆ ತರುವುದೊಂದೇ ಒಪ್ಪತಕ್ಕ ದಾರಿ.

ನೀರಿನ ಗುಣದ ಮಾತನ್ನು ಮಾರಾಟಗಾರರು ಎತ್ತುವುದೇ ಇಲ್ಲ. ಕೊಯಮತ್ತೂರು ನಗರಕ್ಕೆ ಬರುವ ಸಿರುವಾಣಿಯ ನೀರು ಮೆದು. ನೊಯ್ಯಲ್ ನದಿಯ ಕೆಳಪಾತ್ರದ ತಿರುಪ್ಪೂರು ಸೀಮೆಯಲ್ಲಿ ಬೋರ್‌ವೆಲ್ ನೀರು ಗಡಸು, ಉಪ್ಪು. ಬಣ್ಣದ ಕಾರ್ಖಾನೆಗಳ ಕೊಳೆನೀರು ದಶಕಗಳ ಕಾಲ ಆ ನದಿಗೆ ಸೇರಿ, ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅವುಗಳನ್ನು ಮುಚ್ಚಿಸುವ ಆದೇಶ ಕೊಟ್ಟದ್ದು ಎಲ್ಲರಿಗೂ ಗೊತ್ತು. ಗಡಸುನೀರನ್ನು ಕಾಯಿಸಿದಷ್ಟೂ ಸುಣ್ಣದಂಥ ಪದರ ಕಟ್ಟುತ್ತದೆ. ಹೀಟರಿನ ಸುರುಳಿಗೆ ಅದು ಹತ್ತಿದರೆ ಶಾಖ ನೀರಿಗಿಳಿಯದೆ ಸುರುಳಿಯೇ ಸುಟ್ಟುಹೋಗುತ್ತದೆ. ಸೋಲಾರ್ ಚಪ್ಪಟೆ ಫಲಕದ ಸಣ್ಣ ತಾಮ್ರದ ಕೊಳವೆಗಳು ಇದರಿಂದ ಕಟ್ಟಿಕೊಳ್ಳುತ್ತವೆ. ಸೋಲಾರಿನ ಇನ್ನೊಂದು ಬಗೆಯ ಗಾಜಿನ ಕೊಳವೆಗಳಲ್ಲಿ ಕಸರು ತಳಕ್ಕಿಳಿಯುವುದರಿಂದ ಬಿಚ್ಚಿ ತೊಳೆಯಬಹುದು. ಕೊಯಮತ್ತೂರಿನ ಪೆರೂರಿನ ಮನೆಗೆ ಒಪ್ಪಿದ ಸಾಧನ ತಿರುಪ್ಪೂರು ಜಿಲ್ಲೆಯ ಕಾಂಗೇಯಂನ ಮನೆಗೆ ಒಪ್ಪುತ್ತದೆಂದು ಹೇಳಲಾಗದು. ಹಳೆಯ ತಾಮ್ರದ ಹಂಡೆಗೆ ಇದು ದೊಡ್ಡ ತೊಂದರೆಯಾಗಿರಲಿಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮುಗಿಯಿತು.

ಸೋಲಾರ್ ಪರವಾಗಿ ಹೇಳುವ ಮಾತಿನಲ್ಲಿ ಒಂದು ತಿದ್ದುಪಡಿ ಬೇಕು. ನೂರು ಲೀಟರಿನ ಸಾಧನ ವರ್ಷಕ್ಕೆ 1,500 ಯೂನಿಟ್ ಉಳಿಸುತ್ತದೆ ಎಂಬ ಅಂಕಿ ಎಲ್ಲೆಡೆ ಓಡಾಡುತ್ತದೆ. ಲೆಕ್ಕ ಹಾಕಿದರೆ ಇದು 25 ಡಿಗ್ರಿಯ ನೂರು ಲೀಟರನ್ನು ದಿನವೂ 60 ಡಿಗ್ರಿಗೆ ಏರಿಸಿ ಪೂರ್ತಿ ಬಳಸಿದಾಗ ಬರುವ ಮೊತ್ತ. ಮೇಲೆ ಹೇಳಿದ ನಾಲ್ವರ ಮನೆಗೆ ಉಳಿಯುವುದು ವರ್ಷಕ್ಕೆ 680 ಯೂನಿಟ್, ಅದರಲ್ಲೂ ಒಂದು ಭಾಗ ಹೇಗಿದ್ದರೂ ಉಚಿತ. ಬೆಂಗಳೂರಿನಲ್ಲಿ ಚಳಿಯೂ ಹೆಚ್ಚು, ಬಿಲ್ಲಿನಲ್ಲಿ ಸೋಲಾರ್ ರಿಯಾಯಿತಿಯೂ ಇತ್ತು, ಅಲ್ಲಿ ಸೋಲಾರ್ ಹಬ್ಬಿತು. ಇಲ್ಲಿ ಬಿಲ್ಲಿನ ಆಸೆ ತೋರಿಸಿ ಅದನ್ನು ಹಬ್ಬಿಸಲಾಗದು. ಹೊಗೆಯಿಲ್ಲ, ಒದ್ದೆ ಕೈಯ ಹತ್ತಿರ ಕರೆಂಟಿಲ್ಲ, ಮುದುಕರಿಗೂ ಬಾಣಂತಿಗೂ ನಲ್ಲಿ ತಿರುಗಿಸಿದರೆ ನೀರು ಎಂಬುದೇ ಅದರ ಪರವಾದ ನಿಜವಾದ ವಾದ. ತಮಿಳು ಪಂಚಾಂಗದ ಐಪ್ಪಸಿ, ಕಾರ್ತಿಕೆ ತಿಂಗಳ ಈಶಾನ್ಯ ಮಾರುತದ ಮೋಡದಲ್ಲಿ, ಬಿಸಿನೀರು ಹೆಚ್ಚು ಬೇಕಾದಾಗಲೇ ಅದು ಕೈಕೊಡುತ್ತದೆ. ತೆಂಗಿನ ಮಟ್ಟೆ ಪುಕ್ಕಟೆ ಸಿಗುವ ಪೊಳ್ಳಾಚಿಯ ಒಕ್ಕಲು ಮನೆಗೆ ಹೊಗೆಕೊಳವೆಯ ಒಳ್ಳೆಯ ಒಲೆಯೇ ಲೇಸು ಎಂಬುದು ನನ್ನ ಅಭಿಪ್ರಾಯ.

ಮನೆಯ ಹೊರನೋಟದ ವಿಷಯ ಬಿಸಿನೀರಿನ ಪ್ರಶ್ನೆಯಿಂದ ಬೇರೆಯಲ್ಲ. ಪೊಂಗಲ್ ಮುಂಚಿನ ವಾರಗಳಲ್ಲಿ ಈ ಸೀಮೆಯ ಮನೆಗಳಿಗೆ ಸುಣ್ಣ ಹೊಡೆಯುತ್ತಾರೆ, ಭೋಗಿಯ ದಿನ ಸೂರಿಗೆ ಬೇವು, ಆವರಿಕೆ ಹೂವುಗಳ ಕಾಪು ಕಟ್ಟುತ್ತಾರೆ. ಸುಣ್ಣದ ಗೋಡೆ ಉಸಿರಾಡುತ್ತದೆ. ಬಚ್ಚಲಿನ, ಮಗ್ಗದ ಕುಣಿಯ ತೇವ ಅದರ ಮೂಲಕ ಹೊರಹೋಗುತ್ತದೆ. ಮದುಕ್ಕರೈಯಲ್ಲಿ 1930ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆ ಬಂದ ಮೇಲೆ ಗಾರೆ ಹಿಂದೆ ಸರಿಯಿತು. ಈಗ ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದು ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಸುತ್ತಾರೆ. ಎರಡು ಮಳೆಗಾಲದಲ್ಲಿ ಬುಡದಿಂದ ಉಪ್ಪು ಹೂತು ಬಣ್ಣ ಸುಲಿಯುತ್ತದೆ, ಬಚ್ಚಲ ಹಿಂಗೋಡೆಯಲ್ಲಿ ಮೊದಲು. ಅಲ್ಲಿಗೆ ಬೇಕಾದ್ದು ಹೊಸ ಬಣ್ಣವಲ್ಲ, ನೀರು ನಿಲ್ಲದ ಮೋರಿ, ಮಸಿಯನ್ನು ಸೂರಿನ ಮೇಲಕ್ಕೊಯ್ಯುವ ಕೊಳವೆ, ಆಮೇಲೆ ಸುಣ್ಣ. ಹೆಂಚಿನ ಸೂರು ಸೋಲಾರ್ ತೊಟ್ಟಿಯ ಭಾರ ಹೊರದು. ಬಚ್ಚಲಿನ ಮೇಲೆ ಕಾಂಕ್ರೀಟ್ ತಾರಸಿ ಇದ್ದರೆ ತೊಟ್ಟಿಗೆ ಅದೇ ಜಾಗ.

ನೇಕಾರರ ಬೀದಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ಸಾಲಾಗಿವೆ. ಒಂದು ಮನೆಯ ನೀರೊಲೆಯ ಹೊಗೆ ಪಕ್ಕದ ಮನೆಯ ಮಗ್ಗದ ಕೋಣೆಗೆ ನುಗ್ಗುತ್ತದೆ, ಮೇಲ್ಮನೆಯ ಬಚ್ಚಲ ನೀರು ಕೆಳಮನೆಯ ಕುಣಿಗೆ ಇಳಿಯುತ್ತದೆ. ಮನೆಯೊಂದಕ್ಕೆ ಸಾಲವೋ ಸಬ್ಸಿಡಿಯೋ ಕೊಟ್ಟರೆ ಈ ತೊಂದರೆ ತೀರದು. ಹೊಗೆಕೊಳವೆ, ಮೋರಿ, ಅರ್ತಿಂಗ್ ಗುಂಡಿ ಸಾಲಿಗೆ ಒಟ್ಟಾಗಿ ಆಗಬೇಕು. ಅದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಕೋ-ಆಪ್‌ಟೆಕ್ಸ್ ಎಂಬ ತಮಿಳುನಾಡಿನ ಕೈಮಗ್ಗ ನೇಕಾರರ ಸಹಕಾರ ಒಕ್ಕೂಟ 1935ರಿಂದ ನೇಕಾರರ ಸಂಘಗಳ ಬಟ್ಟೆ ಮಾರುತ್ತ ಬಂದಿದೆ, ಸಂಘಗಳಲ್ಲಿ ಸದಸ್ಯರ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಮಗ್ಗದ ಸಂಖ್ಯೆಯ ಪಕ್ಕದಲ್ಲಿ ಬಿಸಿನೀರು ಯಾವುದರಿಂದ, ಬಚ್ಚಲಿಗೆ ಆರ್‌ಸಿಸಿಬಿ ಇದೆಯೇ ಎಂಬ ಎರಡು ಕಲಂ ಸೇರಿಸಿ, ಬೀದಿಯ ಒಂದು ತುದಿಯಿಂದ ಕೆಲಸ ತೊಡಗಬಹುದು.