ಒಪ್ಪಂದದ ನಾಲ್ಕನೆಯ ಕಲಮು: 1831ರ ಮೈಸೂರು ಆಡಳಿತ ಸ್ವಾಧೀನ ಮತ್ತು ತರೀಕೆರೆ ಸೀಮೆಯ ಸಾಕ್ಷ್ಯ

1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡು ಕಮಿಷನರುಗಳಿಗೆ ವಹಿಸಿದುದಕ್ಕೆ 1830ರಲ್ಲಿ ನಗರ ಸೀಮೆಯಲ್ಲಿ ಎದ್ದ ದಂಗೆಯೇ ತಕ್ಷಣದ ಕಾರಣವೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ವಿವಾದವಿರುವುದು ಸ್ವಾಧೀನದ ನ್ಯಾಯದ ವಿಷಯದಲ್ಲಿ. ಲೂಯಿಸ್ ರೈಸ್ ಅವರ ಗ್ಯಾಸೆಟಿಯರು ದುರಾಡಳಿತವನ್ನೇ ಸಾಕಷ್ಟು ಸಮರ್ಥನೆಯಾಗಿ ಕಂಡರೆ, ಎಂ. ಶಾಮರಾವ್ ಅವರ ‘ಮಾಡರ್ನ್ ಮೈಸೂರು’ (1936) ಅರಸನಿಗೆ ಅನ್ಯಾಯವಾಯಿತೆಂಬ ನಿಲುವಿನತ್ತ ವಾಲುತ್ತದೆ. ಎರಡೂ ವಾದಗಳು ಪ್ರಶ್ನೆಯನ್ನು ಅರಸ ಮತ್ತು ಕಂಪನಿಯ ನಡುವಿನ ವ್ಯಾಜ್ಯವಾಗಿಯೇ ನೋಡುತ್ತವೆ. ಇವರ ನಡುವಿನ 1799ರ ಒಪ್ಪಂದದಲ್ಲಿ ಪ್ರಜೆಗಳಿಗೆ ಯಾವ ಸ್ಥಾನವಿತ್ತೆಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನವು ಮುಂದಿಡುತ್ತದೆ.

1799ರ ಜುಲೈ 8ರ ಸಹಾಯಕ ಸೈನ್ಯ ಒಪ್ಪಂದದಂತೆ, ಅಂದರೆ ಕಂಪನಿಯ ಪಡೆಯ ರಕ್ಷಣೆಗೆ ಪ್ರತಿಯಾಗಿ ಅರಸನು ವಾರ್ಷಿಕ ಪೊಗದಿ ಸಲ್ಲಿಸುವ ಕರಾರಿನಂತೆ, ಮೈಸೂರು ವರ್ಷಕ್ಕೆ 7 ಲಕ್ಷ ವರಾಹ ಕೊಡಬೇಕಾಗಿತ್ತು. ಈ ಸೈನ್ಯವೆಚ್ಚದ ಹಣಕ್ಕೆ ಕೊರತೆ ಬೀಳುವ ಶಂಕೆ ಹುಟ್ಟಿದರೆ, ಅದನ್ನು ಭದ್ರಪಡಿಸಲು ಅಗತ್ಯವಿರುವಷ್ಟು ಭಾಗವನ್ನು ಅಥವಾ ಭಾಗಗಳನ್ನು ಕಂಪನಿ ವಶಕ್ಕೆ ತೆಗೆದುಕೊಳ್ಳಬಹುದೆಂದು ನಾಲ್ಕನೆಯ ಕಲಮು ಹೇಳುತ್ತದೆ. ಪ್ರಜೆಗಳ ಸುಖದ ಮಾತು ಬರುವುದು ಹದಿನಾಲ್ಕನೆಯ ಕಲಮಿನಲ್ಲಿ. ಅಲ್ಲಿ ಕಂಪನಿಗೆ ದೊರೆಯುವುದು ಸಲಹೆ ಕೊಡುವ ಅಧಿಕಾರ ಮಾತ್ರ, ಅರಸನ ಮೇಲೆ ಬೀಳುವುದು ಅದಕ್ಕೆ ಕಿವಿಗೊಡುವ ಹೊಣೆ ಮಾತ್ರ. ಹೀಗೆ ಹಣಕ್ಕೆ ಅಪಾಯ ಬಂದರೆ ಸ್ವಾಧೀನ, ಜನಕ್ಕೆ ಅಪಾಯ ಬಂದರೆ ಸಲಹೆ ಎಂಬ ವ್ಯವಸ್ಥೆ ಒಪ್ಪಂದದಲ್ಲೇ ಅಡಕವಾಗಿತ್ತು. 1831ರಲ್ಲಿ ಹದಿನಾಲ್ಕನೆಯ ಕಲಮಿನ ಕಾರಣಕ್ಕೆ ನಾಲ್ಕನೆಯ ಕಲಮಿನ ಪರಿಹಾರವನ್ನು ಜೋಡಿಸಲಾಯಿತು ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

ಇದಕ್ಕೆ ಬೆಂಟಿಂಕನೇ ಸಾಕ್ಷಿ. ಪೊಗದಿಗೆ ತಕ್ಷಣದ ಅಪಾಯವೇನೂ ಇದ್ದಂತೆ ಕಾಣುವುದಿಲ್ಲ, ಒಂದು ಭಾಗ ಸಾಕಾಗುತ್ತಿದ್ದಲ್ಲಿ ಇಡೀ ರಾಜ್ಯವನ್ನೇ ತೆಗೆದುಕೊಳ್ಳಲಾಗಿದೆ ಎಂದು ಅವನು 1834ರಲ್ಲಿ ಬರೆದು, ಕ್ರಮದ ಕಾನೂನುಬದ್ಧತೆಯ ಬಗೆಗೂ ನ್ಯಾಯದ ಬಗೆಗೂ ಸಂದೇಹ ವ್ಯಕ್ತಪಡಿಸಿದನು. ದಂಗೆಯ ಕಾರಣಗಳನ್ನು ಅರಸಲು ನೇಮಿಸಿದ ಸಮಿತಿಯು ವರದಿ ಕೊಟ್ಟುದು 1833ರ ಡಿಸೆಂಬರಿನಲ್ಲಿ, ಅಂದರೆ ಸ್ವಾಧೀನವಾಗಿ ಎರಡು ವರ್ಷ ಕಳೆದ ಮೇಲೆ. ತೀರ್ಪು ಮೊದಲು, ವಿಚಾರಣೆ ಅನಂತರ ಎಂಬ ಈ ಅನುಕ್ರಮವನ್ನು ಲಘುವಾಗಿ ಕಾಣುವಂತಿಲ್ಲ.

ಆದರೂ ಈ ವಾದವು ರೈತರ ಸಂಕಟವನ್ನು ಅಲ್ಲಗಳೆಯಬಾರದು. ಶರತ್ತಿನ ಪದ್ಧತಿಯಲ್ಲಿ ಅಮಲ್ದಾರನು ಇಂತಿಷ್ಟು ಕಂದಾಯ ಎತ್ತಿಕೊಡುವೆನೆಂದು ಬರೆದುಕೊಡುತ್ತಿದ್ದನು. ಕಡಿಮೆ ಬಿದ್ದರೆ ಅವನೇ ತುಂಬಬೇಕಾಗಿದ್ದುದರಿಂದ ಆ ಹೊರೆ ಕೊನೆಗೆ ರೈತನ ಮೇಲೆಯೇ ಇಳಿಯುತ್ತಿತ್ತು. ನಗರದ ಫೌಜುದಾರನಾದ ವೀರರಾಜೇ ಅರಸು ಹಿಂದೆ ಮಾಫಿಯಾಗಿದ್ದ ಮೊಬಲಗನ್ನು ಲೆಕ್ಕದಲ್ಲಿ ಕೆದಕಿ ಮತ್ತೆ ಬಾಕಿಯೆಂದು ಹೇರಲು ಹೊರಟಾಗ ರೈತರ ಅಸಮಾಧಾನ ಸಿಡಿಯಿತು. 1830ರ ಆಗಸ್ಟಿನಲ್ಲಿ ಆನಂದಪುರದ ಬಳಿಯ ಹೊಸಂತೆಯಲ್ಲಿ ರೈತರ ಕೂಟ ಸೇರಿತು.

ತರೀಕೆರೆಯ ಸಾಕ್ಷ್ಯ ಇನ್ನಷ್ಟು ತೊಡಕಿನದು. ಅಲ್ಲಿಯ ಹಳೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕನು ದಂಗೆಯನ್ನು ಸೇರಿ ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದನು. ಅದೇ ಮನೆತನದ ಸರ್ಜಾ ಹನುಮಪ್ಪ ನಾಯಕನನ್ನು ಗಲ್ಲಿಗೇರಿಸಿದುದು 1834ರಲ್ಲಿ, ಕಮಿಷನರ ಆಡಳಿತ ಬಂದ ಮೇಲೆ. ಕಳೆದುಹೋದ ಪಾಳೆಯದ ಆಸೆ ಮತ್ತು ರೈತರ ಅಳಲು ಇಲ್ಲಿ ಬೆರೆತಿದ್ದುದರಿಂದ, ಈ ಸೀಮೆಯ ದಂಗೆಯನ್ನು ಶುದ್ಧ ರೈತದಂಗೆಯೆಂದು ಕರೆಯುವುದು ಕಷ್ಟ. ಒಂದು ಸಂಗತಿ ಮಾತ್ರ ಸ್ಪಷ್ಟವಾಗಿದೆ: 1831ರ ಜೂನಿನಲ್ಲಿ ನಗರವನ್ನು ಹಿಡಿದು ದಂಗೆಯನ್ನು ಮುರಿದ ಕಂಪನಿಯೇ ಸುಮಾರು ನಾಲ್ಕು ತಿಂಗಳಲ್ಲಿ ಪ್ರಜೆಗಳ ಹೆಸರಿನಲ್ಲಿ ಆಡಳಿತವನ್ನು ತೆಗೆದುಕೊಂಡಿತು.

ಪೊಗದಿಯ ಭಾರವೂ ಕೇಡಿಗೆ ಒಂದು ಕಾರಣವೆನ್ನುವವರು ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ಅದೇ ಪೊಗದಿಯನ್ನು ದಿವಾನ್ ಪೂರ್ಣಯ್ಯನು 1811ರವರೆಗೆ ಸಲ್ಲಿಸಿಯೂ ಬೊಕ್ಕಸವನ್ನು ತುಂಬಿಟ್ಟಿದ್ದನು. 1820ರ ದಶಕದಲ್ಲಿ ದಕ್ಷಿಣದಲ್ಲಿ ಧಾನ್ಯದ ಬೆಲೆ ಇಳಿದು, ನಗದಿನಲ್ಲಿ ನಿಗದಿಯಾದ ಬೇಡಿಕೆ ಹೆಚ್ಚು ಭಾರವಾಗಿರಬಹುದು. ಅರಮನೆಯ ದುಂದಿನ ಪಾಲನ್ನು ಇದರಿಂದ ಮರೆಮಾಚಲಾಗದು. ಆದ್ದರಿಂದ ಕಂಪನಿಯನ್ನು ಕೇಡಿನ ಪಾಲುದಾರನೆಂದು ಹೇಳಬಹುದೇ ಹೊರತು ಏಕೈಕ ಕಾರಣವೆಂದಲ್ಲ.

ಪ್ರಜೆಗಳ ಹೆಸರಿನಲ್ಲಿ ನಡೆಯುವ ಮಧ್ಯಪ್ರವೇಶದ ಪ್ರಶ್ನೆ ಇಂದಿಗೂ ಇದೆ. 2005ರಲ್ಲಿ ವಿಶ್ವಸಂಸ್ಥೆಯ ಶೃಂಗಸಭೆ ಒಪ್ಪಿದ ‘ರಕ್ಷಣೆಯ ಹೊಣೆ’ ತತ್ವವು, ಸರ್ಕಾರವೊಂದು ತನ್ನ ಜನರನ್ನು ನರಮೇಧದಂಥ ಘೋರ ಅಪರಾಧಗಳಿಂದ ಕಾಪಾಡಲು ಎದ್ದುಕಾಣುವಂತೆ ವಿಫಲವಾದಾಗ ಭದ್ರತಾ ಮಂಡಳಿಯ ಮೂಲಕ ಸಾಮೂಹಿಕ ಕ್ರಮಕ್ಕೆ ದಾರಿ ಮಾಡಿತು. ಅಧೀನ ಸಂಸ್ಥಾನವೊಂದರ ಕತೆಯನ್ನು ಸ್ವತಂತ್ರ ರಾಷ್ಟ್ರಗಳಿಗೆ ನೇರವಾಗಿ ಅನ್ವಯಿಸಲಾಗದು. ಮೈಸೂರಿನಲ್ಲಿ ಮೂರನೆಯವರ ತೀರ್ಮಾನಕ್ಕೆ ಎಡೆಯೇ ಇರಲಿಲ್ಲ. ಆದರೂ ಮಧ್ಯಪ್ರವೇಶಿಸುವವನಿಗೆ ಕೇಡಿನಲ್ಲಿ ಪಾಲಿದೆಯೇ, ವಿಚಾರಣೆ ಕ್ರಮಕ್ಕಿಂತ ಮೊದಲು ನಡೆಯಿತೇ, ಹಿಂತಿರುಗುವ ಗಡುವನ್ನು ಯಾರು ಗೊತ್ತುಮಾಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು 1831 ಇಂದಿಗೂ ಉಳಿಸಿದೆ. ಮೈಸೂರಿನಲ್ಲಿ ಆ ಗಡುವು, ಆಡಳಿತ ಅರಸು ಮನೆತನಕ್ಕೆ ಮರಳಿದ 1881ರ ಮಾರ್ಚ್ 25ರವರೆಗೆ ಬೆಳೆಯಿತು. ಮುಮ್ಮಡಿಯವರು 1868ರಲ್ಲೇ ತೀರಿಕೊಂಡಿದ್ದರು.

1863ರಲ್ಲಿ ರೂಪುಗೊಂಡ ಕಡೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳ ರೈತನಿಗೆ ಈ ಐವತ್ತು ವರ್ಷಗಳಲ್ಲಿ ಕಂದಾಯದ ಹೊರೆ ಎಷ್ಟು ಇಳಿಯಿತೆಂಬುದನ್ನು ಊರೂರಿನ ಲೆಕ್ಕಗಳಿಂದ ತೂಗಿ ನೋಡುವ ಕೆಲಸ ಬಾಕಿಯಿದೆ. ಸ್ವಾಧೀನವು ಕಾನೂನಿಗೆ ಹೊಂದದಿದ್ದರೂ ಜನಕ್ಕೆ ಒಳಿತಾಗಿರಬಹುದೇ ಎಂಬ ಪ್ರಶ್ನೆಯನ್ನು ಆ ಕೆಲಸ ಮುಗಿಯುವವರೆಗೆ ತೆರೆದಿಡುವುದೇ ಯುಕ್ತ.