ಅಪ್ಪನ ಪಾಸ್‌ಬುಕ್ಕು ಮತ್ತು ಕಣಗಿನಹಾಳದ ಸಂಘ

ತುಂಬಾ ದಿನ ಆಗಿತ್ತು ಈ ಕಡೆ ತಲೆ ಹಾಕಿ. ಆಫೀಸಿನಲ್ಲಿ ರಿಲೀಸು, ಅದು ಮುಗಿದ ಮೇಲೆ ಅದರ ಬಗ್ ಫಿಕ್ಸು, ಅದೂ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ರಿಲೀಸು. ಯುಗಾದಿಗೆ ನಾಲ್ಕು ದಿನ ರಜಾ ಹಾಕಿ ಊರಿಗೆ ಹೋಗಿದ್ದೆ. ಈ ಬರಹ ಹುಟ್ಟಿದ್ದು ಅಲ್ಲಿ, ನಮ್ಮ ಮನೆ ಪಡಸಾಲೆಯಲ್ಲಿ.

ನಮ್ಮಪ್ಪ ನಿವೃತ್ತ ಮೇಷ್ಟ್ರು. ರಿಟೈರ್ ಆದಾಗ ಬಂದ ದುಡ್ಡಿನ ದೊಡ್ಡ ಪಾಲನ್ನು ನಮ್ಮ ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದರು. ಹೆಸರು ಬೇಡ. ಬಡ್ಡಿ ಅರ್ಧ ಪರ್ಸೆಂಟು ಜಾಸ್ತಿ, ಮ್ಯಾನೇಜರು ಪರಿಚಯದವರು, ಅಷ್ಟು ಸಾಕಾಗಿತ್ತು. ಒಂದು ದಿನ ಆ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಂತು. ಠೇವಣಿ ವಿಮೆಯ ಮಿತಿ 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದರಿಂದ 5 ಲಕ್ಷ ಕೈಗೆ ಬಂತು. ಉಳಿದದ್ದು ಇನ್ನೂ ಅಲ್ಲೇ ಇದೆ, ಪಾಸ್‌ಬುಕ್ಕಿನಲ್ಲಿ, ಅಂಕಿಯಾಗಿ.

ನಾನು ಸಿಟ್ಟಿನಲ್ಲಿ, "ಅಪ್ಪಾ, ಅವರ ಬ್ಯಾಂಕು ಮುಳುಗಿದರೆ ನಿಮ್ಮ ದುಡ್ಡು ಯಾಕೆ ಹೋಗಬೇಕು?" ಅಂದೆ.

ಅಪ್ಪ ಕನ್ನಡಕ ಒರೆಸುತ್ತಾ, "ಅವರ ಬ್ಯಾಂಕ್ ಎಲ್ಲೈತೋ ತಮ್ಮಾ, ಅದು ನಮ್ಮದ. ನಾನೂ ಶೇರ್ ತಗೊಂಡೀನಿ, ಮೆಂಬರ್ ಇದ್ದೀನಿ. ಹದಿನೆಂಟು ವರ್ಷದಾಗ ಒಂದ್ ಸಭಾಕ್ಕೂ ಹೋಗಿಲ್ಲ ನೋಡು" ಅಂದರು.

ಆ ಮಾತು ಬೆಂಗಳೂರಿನ ಬಸ್ಸು ಹತ್ತಿದ ಮೇಲೂ ತಲೆಯಲ್ಲಿ ಕೊರೆಯುತ್ತಲೇ ಇತ್ತು. ತಮ್ಮದೇ ಆದ ಸಂಸ್ಥೆ ಜನಕ್ಕೆ ತಮ್ಮದಲ್ಲ ಅನ್ನಿಸಿದ್ದು ಯಾವಾಗ? ನನಗೆ ಕೋಡ್‌ನಲ್ಲಿ ತಪ್ಪು ಕಂಡರೆ ಮೊದಲ ವರ್ಷನ್‌ಗೆ ಹೋಗಿ ನೋಡುವ ಚಾಳಿ. ಇಲ್ಲೂ ಅದನ್ನೇ ಮಾಡಿದೆ. ಹಾಗೆ ಹುಡುಕುತ್ತಾ ಹೋದರೆ ಸಿಕ್ಕಿದ್ದು ನಮ್ಮ ಗದಗ ಸೀಮೆಯೇ!

ಕಥೆ ಶುರುವಾಗುವುದು ಬರಗಾಲದಿಂದ, ಸಾಲದಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತಲ್ಲ, ಆಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತುಹೋಯಿತು. ನಮ್ಮ ಧಾರವಾಡ ಸೀಮೆಯ ಹತ್ತಿಗೂ, ದಖ್ಖನಿನ ಉಳಿದ ಕಡೆಯ ಹತ್ತಿಗೂ ಬಂಗಾರದ ಬೆಲೆ ಬಂತು. ಸಾವುಕಾರರು ಕರೆದು ಕರೆದು ಸಾಲ ಕೊಟ್ಟರು. ಯುದ್ಧ ಮುಗಿದದ್ದೇ ತಡ ಬೆಲೆ ಬಿತ್ತು. ಸಾಲ ಉಳಿಯಿತು. ಕಂದಾಯವನ್ನಂತೂ ಬೆಳೆ ಬರಲಿ ಬಿಡಲಿ ನಗದಿನಲ್ಲೇ ಕಟ್ಟಬೇಕು.

ಇಲ್ಲೊಂದು ತಮಾಷೆಯಂಥ ದುರಂತ ಇದೆ. ಸಾಲಗಾರನಿಗೆ ಅನುಕೂಲ ಆಗಲಿ ಅಂತ ಸರ್ಕಾರ 1859ರಲ್ಲಿ ಒಂದು ಕಾನೂನು ಮಾಡಿತ್ತು. ಸಾಲಪತ್ರಕ್ಕೆ ಮೂರೇ ವರ್ಷ ಆಯಸ್ಸು. ಬಡ್ಡಿ ಬೆಳೆಯುತ್ತಾ ಹೋಗಬಾರದು ಅನ್ನುವುದು ಉದ್ದೇಶ. ಸಾವುಕಾರ ಏನು ಮಾಡಿದ? ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಹೊಸ ಅಸಲಿಗೆ ಮತ್ತೆ ಬಡ್ಡಿ. ರಕ್ಷಿಸಬೇಕಾದ ಕಾನೂನೇ ಚಕ್ರಬಡ್ಡಿಯ ಯಂತ್ರವಾಯಿತು.

ಕೊನೆಗೆ 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಅನ್ನುವ ಊರಲ್ಲಿ ಸುತ್ತಲಿನ ರೈತರು ಸೇರಿ ಸಾವುಕಾರರ ಅಂಗಡಿಗಳ ಮೇಲೆ ನುಗ್ಗಿದರು. ಅವರಿಗೆ ಬೇಕಾಗಿದ್ದು ಲೆಕ್ಕದ ವಹಿ ಮತ್ತು ಸಾಲಪತ್ರ. ಸಿಕ್ಕಿದ್ದನ್ನು ಬೀದಿಯಲ್ಲೇ ಸುಟ್ಟರು. ಗಲಭೆ ಅಹ್ಮದ್‌ನಗರ ಜಿಲ್ಲೆಗೂ ಹಬ್ಬಿತು. ಮರುವರ್ಷವೇ 1876-78ರ ಭೀಕರ ಬರ.

ಸರ್ಕಾರ ಒಂದಾದ ಮೇಲೊಂದು ಮದ್ದು ಹುಡುಕಿತು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಸಾಲಪತ್ರದಲ್ಲಿ ಏನೇ ಬರೆದಿರಲಿ, ಅದರ ಹಿಂದಿನ ನಿಜವಾದ ಲೆಕ್ಕ ಏನು ಅಂತ ನ್ಯಾಯಾಲಯ ಕೆದಕಬಹುದು ಎಂದಿತು. 1883 ಮತ್ತು 1884ರ ಕಾಯ್ದೆಗಳಿಂದ ಸರ್ಕಾರವೇ ತಗಾವಿ ಸಾಲ ಕೊಡತೊಡಗಿತು. ಅದೇ ಹೊತ್ತಿಗೆ ಪುಣೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ವೆಡ್ಡರ್‌ಬರ್ನ್ ಮತ್ತು ಮಹಾದೇವ ಗೋವಿಂದ ರಾನಡೆ ಸೇರಿ ಒಂದು ಕೃಷಿ ಬ್ಯಾಂಕಿನ ಯೋಜನೆ ಹಾಕಿದರು. ಇಲ್ಲಿನ ಸರ್ಕಾರ ಒಪ್ಪಿದರೂ ಲಂಡನ್ನಿನಲ್ಲಿ ಕೂತಿದ್ದ ಭಾರತ ಮಂತ್ರಿ ಒಪ್ಪಲಿಲ್ಲ. ಆ ಫೈಲು ಅಲ್ಲಿಗೇ ಮುಚ್ಚಿತು.

ಮದ್ರಾಸಿನ ಸರ್ಕಾರ ಬೇರೆ ದಾರಿ ಹಿಡಿಯಿತು. 1892ರಲ್ಲಿ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ, ಯೂರೋಪಿನಲ್ಲಿ ರೈತರು ಸಾಲಕ್ಕೆ ಏನು ಮಾಡಿಕೊಂಡಿದ್ದಾರೆ ಅಂತ ಅಧ್ಯಯನ ಮಾಡಲು ಹೇಳಿತು. ಆತ 1895 ಮತ್ತು 1897ರಲ್ಲಿ ಎರಡು ದಪ್ಪ ಸಂಪುಟ ಬರೆದ. ಅಷ್ಟೆಲ್ಲ ಬರೆದು ಕೊನೆಗೆ ಆತ ಬಂದು ನಿಂತದ್ದು ಒಂದೇ ಹೆಸರಿನ ಹತ್ತಿರ. ಅದು ರೈಫೈಸನ್. ಅಂಥವರನ್ನು ಹುಡುಕಿ, ಉಳಿದದ್ದು ಆಮೇಲೆ ಅನ್ನುವುದು ಆತನ ಸಲಹೆಯ ಸಾರ.

ಈ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್ (1818-1888) ಜರ್ಮನಿಯ ಒಂದು ಬಡ ಸೀಮೆಯ ಊರುಗಳಿಗೆ ಮೇಯರ್ ಆಗಿದ್ದವನು. 1846-47ರ ಕ್ಷಾಮದಲ್ಲಿ ಊರವರಿಗೆ ಬ್ರೆಡ್ಡು ಒದಗಿಸುವ ಸಂಘ ಕಟ್ಟಿದ. ಶುರುವಿನಲ್ಲಿ ಶ್ರೀಮಂತರ ದಾನದ ಮೇಲೆ ನಡೆಯುತ್ತಿತ್ತು. ದಾನದಿಂದ ಬಡತನ ಹೋಗುವುದಿಲ್ಲ ಎಂದು ಗೊತ್ತಾಗಲು ಆತನಿಗೇ ವರ್ಷಗಳು ಹಿಡಿದವು. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲ ಪಡೆಯುವವರೇ ಸದಸ್ಯರಾಗಿರುವ ಸಂಘ ಮಾಡಿದ. ಮುಖ್ಯ ನಿಯಮ ಏನು ಗೊತ್ತೇ? ಅಪರಿಮಿತ ಹೊಣೆ. ಒಬ್ಬ ಸಾಲ ಮುಳುಗಿಸಿದರೆ ಉಳಿದ ಎಲ್ಲರೂ ಮನೆಮಾರು ಸಮೇತ ಹೊಣೆ!

ಮೊದಲು ಓದಿದಾಗ ಇದೆಂಥ ಹುಚ್ಚು ಅನ್ನಿಸಿತು. ಆಮೇಲೆ ತಿಳಿಯಿತು. ಬಡವನ ಹತ್ತಿರ ಅಡವಿಡಲು ಏನೂ ಇಲ್ಲ. ಆದರೆ ಅವನು ಕುಡುಕನೋ ದುಡಿಯುವವನೋ, ಸಾಲ ತಗೊಂಡದ್ದು ಎತ್ತು ಕೊಳ್ಳಲೋ ಇಸ್ಪೀಟಿಗೋ ಅನ್ನುವುದು ಪಕ್ಕದ ಮನೆಯವನಿಗೆ ಗೊತ್ತಿರುತ್ತದೆ. ನಷ್ಟವಾದರೆ ತನ್ನ ಕೈಯಿಂದಲೂ ಹೋಗುತ್ತದೆ ಅಂದಾಗ ಪಕ್ಕದ ಮನೆಯವನು ಕಣ್ಣಿಟ್ಟು ನೋಡುತ್ತಾನೆ, ಸಭೆಗೂ ಬರುತ್ತಾನೆ. ಊರಿನ ಈ ತಿಳಿವಳಿಕೆಯೇ ಅಡಮಾನ. ಅದಕ್ಕೇ ಸಂಘ ಚಿಕ್ಕದಿರಬೇಕು, ಒಂದೂರಿಗೆ ಒಂದು.

1901ರ ಕ್ಷಾಮ ಆಯೋಗವೂ ಇಂಥ ಸಂಘಗಳೇ ಬೇಕು ಎಂದಿತು. ಎಡ್ವರ್ಡ್ ಲಾ ಸಮಿತಿ ಕರಡು ಸಿದ್ಧಮಾಡಿತು. ಕರ್ಜನ್ ವೈಸರಾಯ್ ಆಗಿದ್ದಾಗ, 1904ರ ಮಾರ್ಚ್‌ನಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ. ಹಳ್ಳಿಯ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ರೈತರೇ ಆಗಿರಬೇಕು, ಹೊಣೆ ಸಾಮಾನ್ಯವಾಗಿ ಅಪರಿಮಿತ. ಮರುವರ್ಷವೇ, ಅಂದರೆ 1905ರಲ್ಲಿ, ಮೈಸೂರು ಸಂಸ್ಥಾನವೂ ತನ್ನದೇ ಕಾನೂನು ಮಾಡಿಕೊಂಡಿತು.

ಅದೇ 1905ರಲ್ಲಿ, ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಇದೇ ಎಂದು ನಾವು ಹೇಳಿಕೊಳ್ಳುತ್ತೇವೆ. ತಮಿಳುನಾಡಿನ ತಿರೂರಿನವರು ತಮ್ಮದು ಅದಕ್ಕೂ ಮೊದಲು ಎನ್ನುತ್ತಾರೆ. ಆ ಜಗಳ ನಮಗೆ ಬೇಡ ಬಿಡಿ :) ಅದೇ ವರ್ಷ ಅಕ್ಟೋಬರಿನಲ್ಲಿ ಬೆಟಗೇರಿಯಲ್ಲಿ, ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಪಟ್ಟಣದ ಪತ್ತಿನ ಸಂಘಗಳೂ ಹುಟ್ಟಿದವು. ಬರ, ಸಾಲ, ಬಿದ್ದುಹೋದ ಹತ್ತಿಯ ಬೆಲೆ ಇವುಗಳ ನಡುವೆ ನಮ್ಮ ಜನ ಕಾಯ್ದೆ ಬಂದ ಮರುವರ್ಷವೇ ಇದನ್ನು ಕೈಗೆತ್ತಿಕೊಂಡರು ಅಂದರೆ ಸಣ್ಣ ಮಾತಲ್ಲ.

ಆದರೆ ಬಗ್ಗು ಇದ್ದದ್ದೂ ಆ ಮೊದಲ ವರ್ಷನ್‌ನಲ್ಲೇ. ಜರ್ಮನಿಯಲ್ಲಿ ಮೊದಲು ಸಂಘಗಳು ಬೆಳೆದವು, ಆಮೇಲೆ ಅವುಗಳಿಗೆ ತಕ್ಕಂತೆ 1867ರಲ್ಲಿ ಪ್ರಷ್ಯಾದ ಕಾನೂನು, 1889ರಲ್ಲಿ ಇಡೀ ಜರ್ಮನಿಯ ಕಾನೂನು ಬಂದವು. ನಮ್ಮಲ್ಲಿ ಮೊದಲು ಕಾನೂನು ಬಂತು, ಅದರ ಅಚ್ಚಿನಲ್ಲಿ ಸಂಘಗಳನ್ನು ಎರಕ ಹೊಯ್ಯಲಾಯಿತು. ಮಧ್ಯದಲ್ಲಿ ರಿಜಿಸ್ಟ್ರಾರ್ ಎಂಬ ಅಧಿಕಾರಿ. ನೋಂದಣಿ ಮಾಡುವವನು ಅವನೇ, ಲೆಕ್ಕ ತಪಾಸಣೆ ಮಾಡಿಸುವವನು ಅವನೇ, ವಿಚಾರಣೆ ನಡೆಸುವವನು ಅವನೇ, ಕೊನೆಗೆ ಸಂಘವನ್ನು ಮುಚ್ಚುವವನೂ ಅವನೇ. ನಮ್ಮ ಆಫೀಸಿನಲ್ಲಿ ಕೋಡ್ ಬರೆಯುವವನಿಗೆ ಟೆಸ್ಟ್ ಮಾಡಲೂ ಕೊಡುವುದಿಲ್ಲ, ಇನ್ನು ಎಲ್ಲ ಪಾಸ್‌ವರ್ಡೂ ಒಬ್ಬನ ಕೈಯಲ್ಲಿ! ಹೊಸ ಸಸಿಗೆ ಊರುಗೋಲು ಬೇಕಿತ್ತು, ನಿಜ. ಊರುಗೋಲನ್ನು ಯಾವಾಗ ತೆಗೆಯಬೇಕು ಅಂತ ಮಾತ್ರ ಯಾರೂ ಬರೆದಿಡಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1912ರ ಕಾಯ್ದೆ ಪತ್ತಿನ ಹೊರತಾದ ಸಂಘಗಳಿಗೂ, ಸಂಘಗಳ ಒಕ್ಕೂಟಗಳಿಗೂ ಅವಕಾಶ ಕೊಟ್ಟಿತು. 1919ರ ಸುಧಾರಣೆಯಲ್ಲಿ ಸಹಕಾರ ಪ್ರಾಂತ್ಯಗಳ ಕೈಗೆ ಹೋಯಿತು. 1930ರ ದಶಕದ ಮುಗ್ಗಟ್ಟಿನಲ್ಲಿ ಧಾರಣೆ ಕುಸಿದು ಸಂಘಗಳ ಸಾಲ ಬಾಕಿ ಬೆಟ್ಟದಷ್ಟಾಯಿತು. ಸ್ವಾತಂತ್ರ್ಯ ಬಂದ ಮೇಲೆ ಗೋರ್‌ವಾಲಾ ಸಮಿತಿ ದೇಶದ ತುಂಬ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿ 1954ರಲ್ಲಿ ವರದಿ ಕೊಟ್ಟಿತು. ರೈತ ತೆಗೆದುಕೊಳ್ಳುವ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘದ್ದು ಬರೀ 3 ರೂಪಾಯಿ ಚಿಲ್ಲರೆ. ಸಾವುಕಾರರದ್ದು ಸುಮಾರು 70. ಐವತ್ತು ವರ್ಷದ ನೀತಿಯ ಫಲ ಇಷ್ಟು!

ಅದಕ್ಕೆ ಸಮಿತಿ ಸೂಚಿಸಿದ ಪರಿಹಾರ ಸರ್ಕಾರವೇ ಪಾಲುದಾರ ಆಗುವುದು. ಸರ್ಕಾರ ಶೇರು ಕೊಂಡಿತು, ನಿರ್ದೇಶಕರನ್ನು ನೇಮಿಸಿತು, ದುಡ್ಡು ಹರಿಯಿತು. ಸಾವುಕಾರನ ಹಿಡಿತ ಕ್ರಮೇಣ ಸಡಿಲವಾಯಿತು ಅನ್ನುವುದನ್ನು ಒಪ್ಪಲೇಬೇಕು, ಇಲ್ಲದಿದ್ದರೆ ನಮ್ಮಜ್ಜನ ಹೊಲ ಉಳಿಯುತ್ತಿರಲಿಲ್ಲ. ಆದರೆ ದುಡ್ಡಿನ ಹಿಂದೆಯೇ ರಾಜಕೀಯವೂ ಬಂತು. ಸಂಘದ ಸಾಲ ಅಂದರೆ ಸರ್ಕಾರದ ಸಾಲ, ಚುನಾವಣೆ ಬಂದರೆ ಮನ್ನಾ ಆಗುವ ಸಾಲ ಅನ್ನುವ ಭಾವನೆ ಬೆಳೆಯಿತು. ಪಕ್ಕದ ಮನೆಯವನ ಕಣ್ಣು ಬೇರೆ ಕಡೆ ಹೊರಳಿತು. ರೈಫೈಸನ್‌ನ ಅಡಮಾನ ಅಲ್ಲಿಗೆ ಖೋತಾ.

ಹಾಲಿನ ಸಂಘಗಳಲ್ಲಿ ಯಾಕೆ ಹೀಗಾಗಲಿಲ್ಲ ಅಂತ ಯೋಚಿಸಿದೆ. 1946ರಲ್ಲಿ ತ್ರಿಭುವನದಾಸ ಪಟೇಲರು ಖೇಡಾದಲ್ಲಿ ಶುರುಮಾಡಿದ ಮಾದರಿ ನಮ್ಮಲ್ಲೂ 1970ರ ದಶಕದಿಂದ ಬೇರೂರಿದೆ. ಅಲ್ಲಿ ಸದಸ್ಯ ದಿನಕ್ಕೆ ಎರಡು ಸಲ ಸಂಘಕ್ಕೆ ಹೋಗುತ್ತಾನೆ. ತನ್ನ ಹಾಲಿನ ಅಳತೆ ಕಣ್ಣಾರೆ ನೋಡುತ್ತಾನೆ, ಕಡಿಮೆ ಬರೆದರೆ ಅಲ್ಲೇ ಜಗಳ ತೆಗೆಯುತ್ತಾನೆ. ಅಲ್ಲೂ ರಾಜಕೀಯ ಇದೆ, ಆದರೆ ದಿನಾ ಬಂದು ನೋಡುವ ಕಣ್ಣೂ ಇದೆ. ಠೇವಣಿ ಇಟ್ಟು ಮನೆಗೆ ಬಂದ ನಮ್ಮಪ್ಪನಿಗೆ ಆ ಅಳತೆಯೇ ಇರಲಿಲ್ಲ.

ಈಚಿನ ವರ್ಷಗಳಲ್ಲಿ ತಿದ್ದುವ ಪ್ರಯತ್ನಗಳು ಸಾಕಷ್ಟು ಆಗಿವೆ. ಸರ್ಕಾರದ ಹಿಡಿತ ಕಡಿಮೆ ಇರುವ ಸಂಘಗಳಿಗಾಗಿ ಕರ್ನಾಟಕ 1997ರಲ್ಲಿ ಸೌಹಾರ್ದ ಸಹಕಾರಿ ಕಾಯ್ದೆ ಮಾಡಿತು. ಕೇಂದ್ರ 2002ರಲ್ಲಿ ರಾಷ್ಟ್ರೀಯ ಸಹಕಾರ ನೀತಿ ತಂದಿತು. ಸಂವಿಧಾನದ 97ನೇ ತಿದ್ದುಪಡಿ 2012ರಲ್ಲಿ ಜಾರಿಗೆ ಬಂದು ಸಹಕಾರ ಸಂಘ ಕಟ್ಟುವುದು ಮೂಲಭೂತ ಹಕ್ಕಾಯಿತು. ಆದರೆ ಸಹಕಾರ ರಾಜ್ಯಗಳ ವಿಷಯ, ಅವುಗಳ ಅನುಮೋದನೆ ಪಡೆದಿಲ್ಲ ಅಂತ ಅದರಲ್ಲಿ ರಾಜ್ಯದೊಳಗಿನ ಸಂಘಗಳ ಆಡಳಿತಕ್ಕೆ ಸಂಬಂಧಿಸಿದ ಭಾಗ 2021ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅದೇ ತಿಂಗಳು ಕೇಂದ್ರದಲ್ಲಿ ಸಹಕಾರಕ್ಕೇ ಪ್ರತ್ಯೇಕ ಸಚಿವಾಲಯ ಹುಟ್ಟಿತು. 2022ರಲ್ಲಿ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸುರೇಶ್ ಪ್ರಭು ಸಮಿತಿಯ ಕರಡಿನ ಮೇಲೆ 2025ರ ಜುಲೈನಲ್ಲಿ ಹೊಸ ರಾಷ್ಟ್ರೀಯ ನೀತಿ ಬಂತು.

ಕಂಪ್ಯೂಟರ್ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಬೇಕು, ಅನ್ನ ಕೊಡುವ ಕಸುಬು ಅದು. ಆದರೆ ಹೇಳಲಾರೆ. ಲೆಕ್ಕ ಪರದೆಯ ಮೇಲೆ ಬಂದರೂ ನೋಡುವ ಸದಸ್ಯ ಬೇಕಲ್ಲ? ನೂರಿಪ್ಪತ್ತು ವರ್ಷದಿಂದ ನಮ್ಮ ನೀತಿಗಳು ಸಂಘವನ್ನು ಕಾಯಲು ಮೇಲಿನಿಂದ ಒಬ್ಬೊಬ್ಬರನ್ನೇ ಕಳಿಸುತ್ತಾ ಬಂದಿವೆ. ರಿಜಿಸ್ಟ್ರಾರ್ ಬಂದ, ಸರ್ಕಾರದ ನಿರ್ದೇಶಕ ಬಂದ, 1966ರಿಂದ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕೂ ಬಂತು. ಕಾಯುವವರು ಹೆಚ್ಚಾದಷ್ಟೂ ಮನೆಯ ಯಜಮಾನ ಆರಾಮಾಗಿ ನಿದ್ದೆ ಹೋದ. ಮುರುಕಲು ಆರ್ಥಿಕತೆಯಲ್ಲಿ ಬಡವರಿಗೆ ಇರುವ ಒಂದೇ ಬಂಡವಾಳ ಅಂದರೆ ಒಬ್ಬರನ್ನೊಬ್ಬರು ಬಲ್ಲೆವು ಅನ್ನುವುದು. ನೀತಿ ಅದನ್ನು ಬೆಳೆಸಬೇಕು, ಅದರ ಜಾಗದಲ್ಲಿ ತಾನೇ ಕೂರಬಾರದು.

ಮೊನ್ನೆ ರಾತ್ರಿ ಅಪ್ಪನ ಫೋನು. ಊರಿನ ಕೃಷಿ ಪತ್ತಿನ ಸಂಘದಲ್ಲಿ ಅಜ್ಜನ ಶೇರು ಈಗ ಅಪ್ಪನ ಹೆಸರಲ್ಲಿದೆ. "ಸಪ್ಟೆಂಬರ್‌ದಾಗ ಸರ್ವಸಾಧಾರಣ ಸಭಾ ಐತಿ. ಈ ಸಲ ಹೋಗಾಂವ ನಾ. ಆ ಜಮಾ ಖರ್ಚಿನ ಪುಸ್ತಕಾ ಹ್ಯಾಂಗ ಓದೂದು, ಒಂದೀಟು ಹೇಳಿಕೊಡು" ಅಂದರು.

ಮೇಷ್ಟ್ರಿಗೆ ಪಾಠ ಹೇಳುವ ಭಾಗ್ಯ ನನ್ನದು. ಬ್ಯಾಲೆನ್ಸ್ ಶೀಟ್ ಓದುವುದು ನನಗೂ ಅಷ್ಟಕ್ಕಷ್ಟೇ, ಹಾಗಾಗಿ ಈಗ ನಾನೂ ಕಲಿಯುತ್ತಿದ್ದೇನೆ.

ನಿಮ್ಮ ಮನೆಯಲ್ಲೂ ಯಾರದ್ದಾದರೂ ಹೆಸರಲ್ಲಿ ಇಂಥದ್ದೊಂದು ಶೇರು ಇದ್ದೀತು, ಟ್ರಂಕಿನ ತಳದಲ್ಲಿ ಒಮ್ಮೆ ನೋಡಿ. ನೀವು ಕೊನೆಯ ಸಲ ಸಭೆಗೆ ಹೋದದ್ದು ಯಾವಾಗ?