ಕಾಲು ನೆಲಕ್ಕೆ ತಾಗಬಾರದು: ಬೈಕ್ ಟ್ರಯಲ್ಸ್ ಬೆಳೆದು ಬಂದ ದಾರಿ

ಗಣೇಶನ ಹಬ್ಬಕ್ಕೋ ಸ್ವಾತಂತ್ರ್ಯ ದಿನಕ್ಕೋ ಊರಲ್ಲಿ ಸ್ಲೋ ಸೈಕಲ್ ರೇಸ್ ಇಡುವುದನ್ನು ನೀವು ನೋಡಿರುತ್ತೀರಿ. ಕೊನೆಗೆ ಬಂದವನೇ ಗೆದ್ದ, ಕಾಲು ನೆಲಕ್ಕೆ ತಾಗಿಸಿದವನು ಔಟು. ಎಷ್ಟೋ ಸಲ ಜೋರಾಗಿ ತುಳಿಯುವ ಹುಡುಗರೆಲ್ಲ ಮೊದಲೇ ಔಟಾಗಿ, ಹಾಲು ಹಾಕಲು ದಿನಾ ಡೇರಿಗೆ ಹೋಗಿ ಬರುವ ಮಾಮೂಲಿ ಹುಡುಗ ಬಹುಮಾನ ಹೊಡೆಯುತ್ತಾನೆ.

ಕಳೆದ ವರ್ಷ ವರದಿಗೆಂದು ಹೋಗಿದ್ದ ಒಂದು ಊರಿನಲ್ಲಿ ನಮಗೆ ಹತ್ತನೇ ಕ್ಲಾಸಿನ ಹುಡುಗನೊಬ್ಬ ಸಿಕ್ಕ. ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಮೊಬೈಲಿನಲ್ಲಿ ಯಾರೋ ಗೋಡೆಯಿಂದ ಗೋಡೆಗೆ ಸೈಕಲ್ ಹಾರಿಸುವುದನ್ನು ನೋಡಿ, ಇವನು ಅರಳಿಕಟ್ಟೆಯ ಮೇಲಿಂದ ಹಾರಿದ್ದ. ಅವನ ಸೈಕಲ್ಲಿನ ಮುಂದಿನ ಬ್ರೇಕಿಗೆ ರಬ್ಬರೇ ಇರಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿತ್ತು. "ಆ ಸೈಕಲ್ ಮಾರಿಬಿಡ್ತೀನಿ ಸಾರ್" ಎಂದರು ಅಪ್ಪ. ಮಗ ಮಾತ್ರ ನಮ್ಮನ್ನು ಬೇರೆಯೇ ಕೇಳಿದ: "ಸಾರ್, ಅವರ ಹತ್ರ ಇರೋದು ಯಾವ ಸೈಕಲ್ಲು?"

ಆವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದು ಓದಿದೆವು, ನೋಡಿದೆವು. ಅಪ್ಪ ಮಗ ಇಬ್ಬರಿಗೂ ಹೇಳಬೇಕಾದ ಉತ್ತರ ಈ ಆಟದ ಚರಿತ್ರೆಯಲ್ಲೇ ಇದೆ.

ಪರೀಕ್ಷೆ ಇದ್ದದ್ದು ಮೋಟಾರಿಗೆ

ಟ್ರಯಲ್ ಎಂದರೆ ಪರೀಕ್ಷೆ. ಮೋಟಾರ್ ಸೈಕಲ್ ಹೊಸದಾಗಿ ಬಂದ ಕಾಲದಲ್ಲಿ ಅದು ಗುಡ್ಡ ಹತ್ತುತ್ತದೆಯೇ, ಕೆಟ್ಟ ದಾರಿಯಲ್ಲಿ ಬಾಳಿಕೆ ಬರುತ್ತದೆಯೇ ಎಂದು ನೋಡಲು ಬ್ರಿಟನ್ನಿನಲ್ಲಿ ಇಂಥ ಪರೀಕ್ಷೆಗಳನ್ನು ನಡೆಸುತ್ತಿದ್ದರು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ನಡೆಯುವ 'ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್' ಶುರುವಾದದ್ದು 1909ರಲ್ಲಿ. ಈಗಲೂ ನಡೆಯುತ್ತಿದೆ.

ವರ್ಷ ಕಳೆದಂತೆ ಗಾಡಿಗಳು ಗಟ್ಟಿಯಾದವು. ಪರೀಕ್ಷೆ ಗಾಡಿಯಿಂದ ಸವಾರನ ಕಡೆಗೆ ತಿರುಗಿತು. ಕಲ್ಲು, ಹಳ್ಳ, ಕೆಸರು ಇರುವ ಒಂದು ತುಂಡು ಜಾಗಕ್ಕೆ ಗುರುತು ಹಾಕುತ್ತಾರೆ. ಅದನ್ನು ಕಾಲೂರದೆ ದಾಟಬೇಕು. ಒಂದು ಸಲ ಕಾಲೂರಿದರೆ ಒಂದು ತಪ್ಪಂಕ, ಪೂರ್ತಿ ಸೋತರೆ ಐದು. ಕಡಿಮೆ ಅಂಕ ಪಡೆದವನೇ ಗೆದ್ದ. ನಮ್ಮ ಸ್ಲೋ ಸೈಕಲ್ ರೇಸಿನ ಲೆಕ್ಕವೂ ಇದೇ: ವೇಗ ಮುಖ್ಯವಲ್ಲ, ತೂಕ ಹಿಡಿಯುವುದು ಮುಖ್ಯ.

ಬಹಳ ಕಾಲ ಈ ಆಟದಲ್ಲಿ ಭಾರದ ಬ್ರಿಟಿಷ್ ಗಾಡಿಗಳದ್ದೇ ರಾಜ್ಯಭಾರ. ಅದನ್ನು ಮುರಿದದ್ದು ಸ್ಪೇನಿನ ಬಾರ್ಸಿಲೋನಾ ಸೀಮೆ. ಅಲ್ಲಿ ಮೊಂಟೆಸಾ ಎಂಬ ಮೋಟಾರ್ ಸೈಕಲ್ ಕಂಪನಿ ಇತ್ತು. ಅದು ರೇಸಿನಿಂದ ಹಿಂದೆ ಸರಿದಾಗ ಪಾಲುದಾರ ಫ್ರಾನ್ಸಿಸ್ಕೊ ಬುಲ್ಟೊ ಹೊರಬಂದು 1958ರಲ್ಲಿ ಬುಲ್ಟಾಕೊ ಕಟ್ಟಿದರು. ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ ಎಂಬ ಸವಾರನನ್ನು 1964ರಲ್ಲಿ ಕರೆಸಿ, ಅವರ ಜೊತೆ ಶೆರ್ಪಾ ಎಂಬ ಹಗುರ ಗಾಡಿ ತಯಾರಿಸಿದರು. 1965ರಲ್ಲಿ ಮಿಲ್ಲರ್ ಅದೇ ಗಾಡಿಯಲ್ಲಿ ಸ್ಕಾಟಿಷ್ ಟ್ರಯಲ್ ಗೆದ್ದರು. ಮೊಂಟೆಸಾ ಕೂಡ 1968ರಲ್ಲಿ ಕೋಟಾ ಎಂಬ ಟ್ರಯಲ್ಸ್ ಗಾಡಿ ತಂದಿತು. ಸ್ಪೇನಿನ ಆ ಭಾಗದಲ್ಲಿ ಟ್ರಯಲ್ಸ್ ಎಂದರೆ ಮನೆಮಾತಾಯಿತು.

ಅಪ್ಪನ ಮೋಟಾರು, ಮಗನ ಸೈಕಲ್ಲು

ಮೊಂಟೆಸಾದಲ್ಲಿ ಪೆರೆ ಪಿ ಎಂಬ ಹೆಸರಾಂತ ಸವಾರ ಇದ್ದರು. ಅವರ ಮಗ ಓಟ್ ಪಿ ಹುಟ್ಟಿದ್ದು 1970ರಲ್ಲಿ. ಅಪ್ಪ ಮಾಡಿದ್ದನ್ನೇ ಮಾಡಬೇಕೆಂಬ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಆದರೆ ಚಿಕ್ಕ ಹುಡುಗನ ಕೈಗೆ ಮೋಟಾರ್ ಗಾಡಿ ಕೊಡುವುದು ಹೇಗೆ? ಪೆರೆ ಪಿ ಮಗನಿಗಾಗಿ ಟ್ರಯಲ್ಸ್ ಗಾಡಿಯ ಹಾಗೆ ಕಲ್ಲು ಹತ್ತುವ ಪುಟ್ಟ ಸೈಕಲ್ ರೂಪಿಸಿದರು. 1970ರ ದಶಕ ಮುಗಿಯುವ ಹೊತ್ತಿಗೆ ಮೊಂಟೆಸಾ ಅಂಥ ಸೈಕಲ್ಲುಗಳನ್ನು ಮಾರತೊಡಗಿತು. ಆಟಕ್ಕೆ ಅಲ್ಲಿಯವರು ಇಟ್ಟ ಹೆಸರು 'ಟ್ರಯಲ್‌ಸಿನ್'. ಸಿನ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ 'ಇಲ್ಲದ'. ಮೋಟಾರು ಇಲ್ಲದ ಟ್ರಯಲ್ ಎಂದರ್ಥ. ಆ ಸೈಕಲ್ಲುಗಳೇ ಮುಂದೆ 'ಮೊಂಟಿ' ಎಂಬ ಹೆಸರಲ್ಲಿ ಹೊರದೇಶಗಳಿಗೂ ಹೋದವು.

ಮೋಟಾರಿನ ಬುಲ್ಟಾಕೊ ಕಾರ್ಖಾನೆ 1983ರ ಹೊತ್ತಿಗೆ ಬಾಗಿಲು ಹಾಕಿತು. ಮೋಟಾರಿಲ್ಲದ ಆಟ ಮಾತ್ರ ಬೆಳೆಯುತ್ತಾ ಹೋಯಿತು. ಓಟ್ ಪಿ ದೊಡ್ಡವನಾಗಿ ಹಲವು ಸಲ ವಿಶ್ವ ಚಾಂಪಿಯನ್ ಆದರು. ಮೋಟಾರ್ ಟ್ರಯಲ್ಸಿನಲ್ಲಿ ಏಳು ಸಲ ವಿಶ್ವ ಪಟ್ಟ ಗೆದ್ದ ಜೋರ್ಡಿ ತಾರೆಸ್, ಅವರ ನಂತರ ಬಂದು ಆ ದಾಖಲೆಯನ್ನೂ ದಾಟಿದ ಟೋನಿ ಬೌ, ಇಬ್ಬರೂ ಮೊದಲು ಪಳಗಿದ್ದು ಸೈಕಲ್ ಟ್ರಯಲ್ಸಿನಲ್ಲೇ. ಮಗನ ಆಟಕ್ಕೆಂದು ಮಾಡಿದ ಸೈಕಲ್ಲು ಮೋಟಾರಿನವರಿಗೇ ಪ್ರೈಮರಿ ಶಾಲೆಯಾಯಿತು.

ಆಟ ನಮ್ಮ ಫೋನುಗಳಿಗೆ ಬಂದದ್ದು ಮತ್ತೆ ಸ್ಕಾಟ್ಲೆಂಡಿನಿಂದ. ಅಲ್ಲಿನ ಸ್ಕೈ ದ್ವೀಪದ ಹಳ್ಳಿ ಹುಡುಗ ಡ್ಯಾನಿ ಮ್ಯಾಕಾಸ್ಕಿಲ್ ಎಡಿನ್‌ಬರೋದ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದರು. 2009ರ ಏಪ್ರಿಲ್‌ನಲ್ಲಿ ಸ್ನೇಹಿತರು ಚಿತ್ರೀಕರಿಸಿದ ಐದಾರು ನಿಮಿಷದ ವಿಡಿಯೊ ಯೂಟ್ಯೂಬಿಗೆ ಬಂತು. ಚೂಪು ಕಂಬಿಯ ಬೇಲಿಯ ಮೇಲೆ ಸೈಕಲ್ ಓಡಿಸುವ ದೃಶ್ಯ ಜಗತ್ತೆಲ್ಲ ಸುತ್ತಿತು. ಆದರೆ ಆ ಐದಾರು ನಿಮಿಷಕ್ಕೆ ತಿಂಗಳುಗಟ್ಟಲೆ ಚಿತ್ರೀಕರಣ ನಡೆದಿತ್ತು. ಬೇಲಿಯ ಮೇಲಿಂದ ಅವರು ಎಷ್ಟು ಸಲ ಬಿದ್ದರು ಎಂಬುದು ಆ ವಿಡಿಯೊದ ಶುರುವಿನಲ್ಲೇ ಇದೆ. ರೀಲ್ ನೋಡುವ ನಮ್ಮ ಹುಡುಗರಿಗೆ ಸಿಗುವುದು ಗೆದ್ದ ಆ ಒಂದು ಗಳಿಗೆ ಮಾತ್ರ.

ಸೈಕಲ್ಲಿನಲ್ಲಿ ಏನಿರುತ್ತದೆ

ಇನ್ನು ಹುಡುಗ ಕೇಳಿದ ಪ್ರಶ್ನೆಗೆ ಬರೋಣ. ಸ್ಪರ್ಧೆಯ ಟ್ರಯಲ್ಸ್ ಸೈಕಲ್ಲುಗಳು ಮುಖ್ಯವಾಗಿ ಎರಡು ಬಗೆ, 20 ಇಂಚಿನ ಚಕ್ರದ್ದು ಮತ್ತು 26 ಇಂಚಿನದ್ದು. ಮ್ಯಾಕಾಸ್ಕಿಲ್ ಥರ ಬೀದಿಯಲ್ಲಿ ಆಡುವವರು 24 ಇಂಚಿನದ್ದನ್ನು ಇಷ್ಟಪಡುತ್ತಾರೆ. ಸ್ಪರ್ಧೆಯ ಸೈಕಲ್ಲಿಗೆ ಸಾಮಾನ್ಯವಾಗಿ ಸೀಟೇ ಇರುವುದಿಲ್ಲ, ಯಾಕೆಂದರೆ ಆಟ ಪೂರ್ತಿ ನಿಂತೇ ಆಡಬೇಕು. ಪೆಡಲಿನ ಬಳಿಯ ಹಲ್ಲುಚಕ್ರ ಚಿಕ್ಕದು. ಹಾಗಾಗಿ ವೇಗ ಬರುವುದಿಲ್ಲ, ಆದರೆ ಅರ್ಧ ತುಳಿತಕ್ಕೇ ಸೈಕಲ್ ಮುಂದಕ್ಕೆ ಚಿಮ್ಮುತ್ತದೆ. ಫ್ರೀವೀಲು ಹಿಂದಿನ ಚಕ್ರದಲ್ಲಿರದೆ ಪೆಡಲಿನ ಬಳಿಯೇ ಇರುತ್ತದೆ. ಚಿಕ್ಕ ಸೈಕಲ್ಲಿಗೆ ಅದರ ಕೆಳಗೆ ಕಲ್ಲಿನ ಏಟು ತಡೆಯುವ ಲೋಹದ ತಟ್ಟೆಯೂ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ ಬ್ರೇಕು. ಒಂದು ಬೆರಳಲ್ಲಿ ಒತ್ತಿದರೆ ಚಕ್ರ ಅಲ್ಲೇ ಕಚ್ಚಿ ನಿಲ್ಲಬೇಕು. ಅದಕ್ಕಾಗಿ ಜರ್ಮನಿಯ ಮಗುರಾ ಕಂಪನಿಯ ಎಣ್ಣೆ ತುಂಬಿದ ಬ್ರೇಕುಗಳನ್ನು ಬಹಳ ಸವಾರರು ಬಳಸುತ್ತಾ ಬಂದರು. ರಬ್ಬರು ಇನ್ನೂ ಗಟ್ಟಿಯಾಗಿ ಹಿಡಿಯಲೆಂದು ರಿಮ್ಮನ್ನು ಗ್ರೈಂಡರಿನಿಂದ ಉಜ್ಜಿ ಒರಟು ಮಾಡುವವರೂ ಇದ್ದಾರೆ.

ಇದೆಲ್ಲ ದುಬಾರಿ. ಆದರೆ ಆಟ ಕಲಿಯಲು ಮೊದಲ ದಿನವೇ ಇದೆಲ್ಲ ಬೇಕಿಲ್ಲ. ಸೈಕಲ್ಲಿನ ಈ ಭಾಗಗಳು ಹುಟ್ಟಿದ್ದು ಆಟ ಬೆಳೆದ ಮೇಲೆ, ಸವಾರರಿಗೆ ಒಂದೊಂದೇ ಅಗತ್ಯ ಬಿದ್ದಾಗ.

ಶುರು ಮಾಡುವುದು ಹೇಗೆ

ಇರುವ ಸೈಕಲ್ಲನ್ನೇ ಮೊದಲು ನೋಡಿ. ಎರಡೂ ಬ್ರೇಕು ಹಿಡಿಯಬೇಕು. ಹ್ಯಾಂಡಲ್ ಅಲುಗಬಾರದು. ಮುಂದಿನ ಫೋರ್ಕಿನಲ್ಲಾಗಲಿ ಫ್ರೇಮಿನಲ್ಲಾಗಲಿ ಬಿರುಕು ಇದ್ದರೆ, ವೆಲ್ಡಿಂಗ್ ಮಾಡಿಸಿದ್ದರೆ, ಆ ಸೈಕಲ್ಲಿನಲ್ಲಿ ಹಾರುವುದು ಬೇಡವೇ ಬೇಡ. ಕ್ಯಾರಿಯರ್, ಸ್ಟ್ಯಾಂಡು ಬಿಚ್ಚಿಡಿ. ಸೀಟನ್ನು ಪೂರ್ತಿ ಕೆಳಗಿಳಿಸಿ. ಟೈರಿನ ಗಾಳಿ ಸ್ವಲ್ಪ ಕಡಿಮೆ ಇರಲಿ.

ಮೊದಲ ಪಾಠ ಹಾರುವುದಲ್ಲ, ನಿಲ್ಲುವುದು. ಹುಲ್ಲಿರುವ ಜಾಗದಲ್ಲಿ, ತುಸು ಏರು ಇರುವ ಕಡೆ, ಎರಡೂ ಪೆಡಲನ್ನು ಒಂದೇ ಮಟ್ಟಕ್ಕೆ ತಂದು, ಮುಂದಿನ ಚಕ್ರವನ್ನು ಸ್ವಲ್ಪ ಓರೆ ಮಾಡಿ ಸೈಕಲ್ಲಿನ ಮೇಲೆ ನಿಂತುಕೊಳ್ಳಿ. ಹತ್ತು ಸೆಕೆಂಡು ನಿಂತರೆ ಗೆದ್ದಂತೆ. ಅದು ಒಂದು ನಿಮಿಷವಾದ ಮೇಲೆ ಒಂದು ಇಟ್ಟಿಗೆಯ ಎತ್ತರಕ್ಕೆ ಮುಂದಿನ ಚಕ್ರ ಹತ್ತಿಸಿ. ಆಮೇಲೆ ಹಿಂದಿನದು. ಎರಡೂ ಬ್ರೇಕು ಹಿಡಿದು ನಿಂತಲ್ಲೇ ಕುಪ್ಪಳಿಸುವುದು ಅದರ ನಂತರದ ಪಾಠ. ಕಟ್ಟೆಯ ಮಾತು ಇನ್ನೂ ದೂರ.

ಸೈಕಲ್ಲಿಗೆ ಹಾಕುವ ದುಡ್ಡಿಗಿಂತ ಮೊದಲು ಹೆಲ್ಮೆಟ್ಟಿಗೆ ಹಾಕಿ. ಪೆಡಲು ಜಾರಿದರೆ ಅದರ ಹಲ್ಲು ಬಡಿಯುವುದು ಮೊಣಕಾಲಿನ ಕೆಳಗಿನ ಎಲುಬಿಗೆ. ಅಲ್ಲಿಗೆ ಫುಟ್‌ಬಾಲ್ ಆಡುವವರು ಕಟ್ಟುವ ಪ್ಯಾಡು ಸಾಕು. ಚಪ್ಪಲಿ ಬೇಡ, ಚಪ್ಪಟೆ ಅಡಿಯ ಶೂ ಇರಲಿ. ಕೈಗೆ ಗ್ಲೌಸು. ಒಬ್ಬರೇ ಅಭ್ಯಾಸ ಮಾಡಬೇಡಿ, ಜೊತೆಗೊಬ್ಬರು ಇರಲಿ. ಒಂದು ವರ್ಷ ಹೀಗೆ ಆಡಿದ ಮೇಲೂ ಆಸೆ ಉಳಿದಿದ್ದರೆ ಟ್ರಯಲ್ಸ್ ಸೈಕಲ್ಲಿನ ಯೋಚನೆ ಮಾಡಬಹುದು. ಚಿಕ್ಕ ಮೈಕಟ್ಟಿನ ಮಕ್ಕಳಿಗೆ 20 ಇಂಚಿನದು ಸುಲಭ. ಎತ್ತರದವರಿಗೆ, ಮಾಮೂಲಿ ಸೈಕಲ್ಲಿನ ಅಭ್ಯಾಸ ಇರುವವರಿಗೆ 24 ಅಥವಾ 26.

ಮೊನ್ನೆ ಅದೇ ಊರಿಗೆ ಮತ್ತೆ ಹೋಗಿದ್ದೆವು. ಪ್ಲಾಸ್ಟರ್ ಬಿಚ್ಚಿ ಎಷ್ಟೋ ದಿನವಾಗಿದೆ. ಹುಡುಗ ಪಾಸಾಗಿ ಪಿಯುಸಿ ಸೇರಿದ್ದಾನೆ. ಸೈಕಲ್ ಮಾರಿರಲಿಲ್ಲ, ಅಟ್ಟದ ಕೆಳಗೆ ನಿಲ್ಲಿಸಿದ್ದರು. ಮಗನಿಗಾಗಿ ಸೈಕಲ್ ರೂಪಿಸಿದ ಪೆರೆ ಪಿ ಕಥೆಯನ್ನು ನಾವು ಅಪ್ಪನಿಗೆ ಹೇಳಿದೆವು. ಅವರು ಸುಮ್ಮನೆ ಕೇಳಿಸಿಕೊಂಡರು. ಹೊರಡುವಾಗ ಮಗನನ್ನು ಕರೆದು, "ಸಂತೆಗೆ ಹೋದಾಗ ಬ್ರೇಕಿಗೆ ರಬ್ಬರ್ ತರ್ತೀನಿ. ಅಲ್ಲೀತನಕ ಅದನ್ನ ಮುಟ್ಟಬೇಡ" ಎಂದರು.